ಹಿಂಬಾಗಿಲ ಮೆಟ್ಟಿಲು

ನಾಲ್ಕನೇ ಕಟ್ಟನ್ನು ಎದೆಗವಚಿಕೊಂಡು ತಂದ ಮಗಳು ಅದನ್ನು ಶವದ ವ್ಯಾನಿನೊಳಗೆ ತಳ್ಳುವಷ್ಟರಲ್ಲಿ ಡ್ರೈವರ್ ಕೈ ಅಡ್ಡ ಇಟ್ಟ.

"ಏನಕ್ಕಾ, ಮನೆ ಖಾಲಿ ಮಾಡ್ತಿದೀರಾ? ಇನ್ನೂ ಎಷ್ಟಿದೆ?"

"ಇನ್ನೆರಡು ಕಟ್ಟು. ಅಪ್ಪ ಬರೆದ ಪುಸ್ತಕ. ಅಪ್ಪನ ಜೊತೆಗೇ ಸುಟ್ಟುಹೋಗ್ಲಿ."

"ಸ್ಮಶಾನದಲ್ಲಿರೋದು ಕರೆಂಟ್ ಒಲೆ. ಪುಸ್ತಕ ಗಿಸ್ತಕ ಎಲ್ಲಾ ಒಳಗೆ ಬಿಡಲ್ಲ."

"ಬಿಡದಿದ್ರೆ ಹೊರಗೇ ಸುಡ್ತೀನಿ. ಇವರ ಕೈಗಂತೂ ಕೊಡಲ್ಲ."

ಇವರು ಅಂದರೆ ಬೀದಿ ತುಂಬ ನಿಂತಿದ್ದ ಜನ. ಅಪ್ಪ ಮೂವತ್ತೊಂದು ವರ್ಷ ಲಿಫ್ಟ್ ನಡೆಸಿದ ಆರು ಮಹಡಿ ಕಟ್ಟಡದವರು. ಕಚೇರಿಗಳಿಗೆಲ್ಲ ಅರ್ಧ ದಿನ ರಜೆ ಹಾಕಿ ಬಂದಿದ್ದರು, ನೂರಕ್ಕೆ ಕಮ್ಮಿ ಇರಲಿಲ್ಲ. ಎದುರು ಮನೆಯ ಗೋಡೆಯ ನೆರಳಿಗೆ ಒತ್ತಿಕೊಂಡು ನಿಂತು, ಲಿಫ್ಟಣ್ಣ ಹಾಗೆ, ಲಿಫ್ಟಣ್ಣ ಹೀಗೆ ಎಂದು ಮಾತಾಡುತ್ತಿದ್ದರು. ಎಲ್ಲ ಒಳ್ಳೆಯದೇ. ಸತ್ತವರ ಮನೆ ಮುಂದೆ ಇನ್ನೇನು ಮಾತಾಡಿಯಾರು!

"ಇವತ್ತು ದಾರಿ ಗೊತ್ತಾಯ್ತು ನೋಡು ಇವರಿಗೆ," ಎಂದಳು ಮಗಳು, ತಾಯಿಗೆ ಕೇಳುವ ಹಾಗೆ. ಹನ್ನೊಂದು ವರ್ಷದ ಸಿಟ್ಟು, ಇನ್ನೂ ಆರಿರಲಿಲ್ಲ.

*

ಹನ್ನೊಂದು ವರ್ಷದ ಹಿಂದೆ ಲಿಫ್ಟಣ್ಣ ಒಂದು ಪುಸ್ತಕ ಬರೆದ. ಹೆಸರು 'ಮೇಲೆ, ಕೆಳಗೆ'. ಲಿಫ್ಟ್ ಹತ್ತಿದವರು ಇಳಿಯುವ ಮುಂಚಿನ ಅರ್ಧ ನಿಮಿಷದಲ್ಲಿ ಆಡಿದ ಮಾತುಗಳೇ ಅದರ ತುಂಬ. ನೂರೈವತ್ತು ಪ್ರತಿ ಅಚ್ಚಾದವು. ಹಿಂದಿನ ರಟ್ಟಿನ ಮೇಲೆ ಅವನದೇ ದೊಡ್ಡ ಫೋಟೋ. ಎರಡು ಭಾನುವಾರ ಕೂತು ಪ್ರತಿಯೊಂದರಲ್ಲೂ ಯಾರಿಗೆಂದು ಬರೆದು ಸಹಿ ಹಾಕಿಟ್ಟ. ಜನ ಸಾಲುಗಟ್ಟಿ ನಿಂತಾಗ ಬರೆಯುತ್ತ ಕೂತರೆ ಅವರಿಗೆ ಬಸ್ಸು ತಪ್ಪುತ್ತದಲ್ಲ ಎಂಬುದು ಅವನ ಚಿಂತೆ.

ಬಿಡುಗಡೆ ಸಂಜೆ ಐದೂವರೆಗೆ, ಅದೇ ಕಟ್ಟಡದ ನೆಲಮಹಡಿಯಲ್ಲಿ, ಲಿಫ್ಟಿನ ಎದುರಿನ ಹಾಲ್‌ನಲ್ಲಿ. ಯಾರಿಗೂ ಮೊದಲೇ ಹೇಳಲಿಲ್ಲ.

"ಹೇಳೋದೇನು ಬಂತು?" ಎಂದಿದ್ದ ಹೆಂಡತಿಗೆ. "ಐದೂವರೆಗೆ ಎಲ್ಲರೂ ಇಳಿದು ನನ್ನೆದುರಿಗೇ ಬರ್ಬೇಕು. ಬಾಗಿಲು ತೆಗೀತಿದ್ದ ಹಾಗೆ ಅವರ ಪುಸ್ತಕ ಅವರ ಕೈಗೆ. ಆಗ ನೋಡ್ಬೇಕು ಮುಖಾನ!"

ಅಂದು ರಜೆ ಹಾಕಿ, ಫೋಟೋದಲ್ಲಿದ್ದ ಅದೇ ಅಂಗಿಗೆ ಇಸ್ತ್ರಿ ಹಾಕಿಸಿ ತೊಟ್ಟ. ಪುಸ್ತಕಗಳನ್ನು ಮಹಡಿವಾರು ಮೇಜಿನ ಮೇಲೆ ಜೋಡಿಸಿ ನಿಂತ. ಪಕ್ಕದಲ್ಲಿ ಹದಿನಾರರ ಮಗಳು. ಐದೂವರೆಯಾಯಿತು, ಆರಾಯಿತು. ಲಿಫ್ಟಿನ ಬಾಗಿಲು ತೆರೆಯಲಿಲ್ಲ. ಕಸ ಗುಡಿಸುವಾಕೆ ಒಬ್ಬಳು ಬಂದು, "ಓದಕ್ಕೆ ಬರಲ್ಲಣ್ಣ, ಫೋಟೋ ಚೆನ್ನಾಗಿದೆ," ಎಂದು ಒಂದು ತೆಗೆದುಕೊಂಡಳು. ಏಳಕ್ಕೆ ಅವನು ಪುಸ್ತಕಗಳಿಗೆ ಹಗ್ಗ ಬಿಗಿದ. ಮಗಳು ದಾರಿಯುದ್ದಕ್ಕೂ ಅತ್ತಳು.

*

"ಅದೇನಮ್ಮ ಆ ಕಟ್ಟು?" ಎಂದು ಕೆಮ್ಮುತ್ತ ಬಂದವರು ಮೂರನೇ ಮಹಡಿಯ ಗುಮಾಸ್ತರು. ಕಾಗದ ಹರಿದಲ್ಲಿ ಒಂದು ಪ್ರತಿಯ ಹಿಂಬದಿಯ ಫೋಟೋ ಇಣುಕುತ್ತಿತ್ತು. "ಅರೆ, ಲಿಫ್ಟಣ್ಣ! ಪುಸ್ತಕ ಬರೆದಿದ್ನಾ? ಯಾವಾಗ?"

"ಬಿಡುಗಡೆ ದಿನ ಒಬ್ಬರೂ ತಲೆ ಹಾಕ್ಲಿಲ್ವಲ್ಲ ಸಾರ್, ಆಗ. ಏಳರವರೆಗೂ ಕಾದ್ವಿ. ಅಪ್ಪ ರಜೆ ಹಾಕಿದ್ದ ದಿನ."

ಗುಮಾಸ್ತರ ಕೆಮ್ಮು ನಿಂತಿತು.

"ಅಯ್ಯೋ ದೇವ್ರೇ. ಅವನು ಇಷ್ಟು ವರ್ಷದಲ್ಲಿ ರಜೆ ಹಾಕಿದ್ದೇ ಅದೊಂದು ದಿನ. ಲಿಫ್ಟ್ ನಡೆಸೋರೇ ಇಲ್ಲ! ಎಲ್ಲಾ ಹಿಂದಿನ ಮೆಟ್ಟಿಲಲ್ಲಿ ಇಳಿದು, ಹಿಂದಿನ ಗೇಟಲ್ಲೇ ಹೋದ್ವಿ. ಮಾರನೇ ದಿನ ಅವನಿಗೇ ಬೈದಿದ್ದೆ, ನಿನ್ನಿಂದ ನನ್ನ ಮಂಡಿ ಹೋಯ್ತು ಮಾರಾಯಾ ಅಂತ. ಸುಮ್ನೆ ನಕ್ಕ."

ಮಗಳು ತಾಯಿಯ ಕಡೆ ತಿರುಗಿದಳು. "ನಿಂಗೆ ಗೊತ್ತಿತ್ತಾ?"

"ಗೊತ್ತಿತ್ತು. 'ನನ್ನ ದಡ್ಡತನ ಮಗಳಿಗೆ ಹೇಳ್ಬೇಡ' ಅಂದಿದ್ರು ನಿಮ್ಮಪ್ಪ. ಆಮೇಲಾದ್ರೂ ಲಿಫ್ಟಲ್ಲೇ ಕೊಟ್ಬಿಡಿ ಅಂದೆ. ಅಲ್ಲಿ ಕೊಟ್ರೆ ಪಾಪ ಎಲ್ಲಿಗೆ ತಪ್ಪಿಸ್ಕೊಂಡು ಓಡ್ತಾರೆ, ತಾವಾಗೇ ಬಂದು ತಗೊಳ್ಲಿ ಅಂತ ಒಂದೇ ಹಠ." ತಾಯಿ ಬೀದಿಯ ಕಡೆ ನೋಡಿದಳು. "ಬಂದಿದಾರಲ್ಲ ಈಗ."

ಮಗಳಿಗೆ ಅಪ್ಪನ ಮೇಲೆ ಎಲ್ಲಿಲ್ಲದ ಸಿಟ್ಟು ಬಂತು, ಅದರ ಬೆನ್ನಿಗೇ ಅಳು ಬಂತು. ಎರಡನ್ನೂ ನುಂಗಿಕೊಂಡು ಕಟ್ಟುಗಳ ಹಗ್ಗ ಬಿಚ್ಚಿದಳು. ಒಂದರಲ್ಲೂ ಹೆಸರಿರಲಿಲ್ಲ. ಅಪ್ಪನಿಗೆ ಅವರ ಹೆಸರು ಗೊತ್ತಿದ್ದರಲ್ಲವೇ! ಮೊದಲ ಪುಟ ತೆರೆದು ಗಟ್ಟಿಯಾಗಿ ಓದಿದಳು.

"ಮೂರನೇ ಮಹಡಿಯ ಕೆಮ್ಮಿನ ಸಾಹೇಬರಿಗೆ."

ಗುಮಾಸ್ತರು ಎರಡೂ ಕೈ ಚಾಚಿದರು.

"ಐದನೇ ಮಹಡಿ, ಛತ್ರಿ ಮರೆಯುವ ಅಮ್ಮನವರಿಗೆ."

"ಇವತ್ತೂ ಮರ್ತು ಬಂದಿದೀನಿ," ಎನ್ನುತ್ತ ಟೈಪಿಸ್ಟ್ ಮುಂದೆ ಬಂದಳು. ಯಾರೋ ನಕ್ಕು ಬಾಯಿ ಮುಚ್ಚಿಕೊಂಡರು.

"ಆರನೇ ಮಹಡಿ, ಕನ್ನಡಿ ನೋಡಿ ತಲೆ ಬಾಚಿಕೊಳ್ಳುವವರಿಗೆ."

ಯಾರೂ ಮುಂದೆ ಬರಲಿಲ್ಲ. ಕೊನೆಗೆ ಬೋಳುತಲೆಯ ಮ್ಯಾನೇಜರ್ ಕೈ ಎತ್ತಿದರು. "ಆಗ ಇತ್ತಮ್ಮ," ಎಂದರು.

ಸಾಲು ಬೀದಿಯ ತಿರುವಿನವರೆಗೂ ಬೆಳೆಯಿತು. ಡ್ರೈವರ್ ಗಡಿಯಾರ ನೋಡುವುದನ್ನು ಬಿಟ್ಟು ಎಂಜಿನ್ ಆರಿಸಿದ. ಕೆಲವರು ವರ್ಗವಾಗಿ ಹೋಗಿದ್ದರು, ಕೆಲವರು ಸತ್ತಿದ್ದರು. ಅವರ ಪುಸ್ತಕಗಳು ಉಳಿದವು.

ವ್ಯಾನು ಹೊರಟಾಗ ಮಗಳು ಒಳಗೆ ಹಿಂದಿನ ಗಾಜಿಗೆ ಮುಖ ಮಾಡಿ ಕೂತಿದ್ದಳು. ಜನ ನಡೆದೇ ಬರುತ್ತಿದ್ದರು. ತಿರುವು ದಾಟುತ್ತಲೇ ಬಿಸಿಲು ಅವರ ಮುಖಕ್ಕೆ ಹೊಡೆಯಿತು. ಟೈಪಿಸ್ಟ್ ಪುಸ್ತಕ ಎತ್ತಿ, ಫೋಟೋ ಹೊರಮುಖವಾಗಿ, ಹಣೆಗೆ ಅಡ್ಡ ಹಿಡಿದಳು. ಆಮೇಲೆ ಮ್ಯಾನೇಜರ್ ಹಿಡಿದರು, ಗುಮಾಸ್ತರು ಹಿಡಿದರು, ಒಬ್ಬರನ್ನು ನೋಡಿ ಒಬ್ಬರು ಎಲ್ಲರೂ ಹಿಡಿದರು. ಇಸ್ತ್ರಿ ಅಂಗಿ ತೊಟ್ಟ ಅಪ್ಪ ನೂರು ಹಣೆಗಳ ಮೇಲೆ ನಗುತ್ತ, ಅವರ ನಡಿಗೆಗೆ ತಕ್ಕಂತೆ ಒಂದಿಷ್ಟು ಮೇಲೆ ಒಂದಿಷ್ಟು ಕೆಳಗೆ ಆಗುತ್ತ, ವ್ಯಾನಿನ ಹಿಂದೆ ಬರುತ್ತಿದ್ದ.