ಸ್ಟೋಲನ್ನಿಗೆ ಚುಚ್ಚಿದ ಹೆಸರು

೧

ಎಲ್ಲಿಂದ ಶುರು ಮಾಡಲಿ, ಹೇಳಿ. ಬೇಕರಿಯಿಂದಲೋ, ಹೊಟ್ಟೆಕಿಚ್ಚಿನಿಂದಲೋ? ಬೇಕರಿಯಿಂದ ಶುರು ಮಾಡಿದರೆ ಬೆಣ್ಣೆಯ ಘಮಕ್ಕೆ ನೀವು ಕತೆಯನ್ನೇ ಮರೆತುಬಿಡುತ್ತೀರಿ. ಹೊಟ್ಟೆಕಿಚ್ಚಿನಿಂದ ಶುರು ಮಾಡಿದರೆ ಹೈಡ್ರುನ್‌ಗೆ ಸಿಟ್ಟು ಬರುತ್ತದೆ. (ಹೈಡ್ರುನ್ ಈ ಕತೆಯ ಹೆಂಗಸು. ಜರ್ಮನಿಯ ಫ್ರೈಬೆರ್ಗ್ ಊರಿನಲ್ಲಿ, ನನ್ನ ಕೆಳಗಿನ ಮಹಡಿಯಲ್ಲೇ ಅವಳನ್ನು ಇರಿಸಿದ್ದೇನೆ. ಕೂಗಿದರೆ ಕೇಳಿಸಲಿ ಎಂದು.)

೧, ಮತ್ತೊಮ್ಮೆ

"ಹಿಮ ಬೀಳುತ್ತಿತ್ತು..." ಹೊಡೆದುಹಾಕಿದೆ. ಡಿಸೆಂಬರಿನಲ್ಲಿ ಇಲ್ಲಿ ಹಿಮ ಬೀಳದೆ ಹೂ ಬೀಳುತ್ತದೆಯೇ? ಬೇರೆಯವರ ಕತೆ ಮೊದಲ ಸಾಲಿಗೇ ಉಬ್ಬಿ ನಿಲ್ಲುತ್ತದೆ. ನನ್ನದು ಯೀಸ್ಟ್ ಸತ್ತ ಹಿಟ್ಟಿನ ಹಾಗೆ ಬಟ್ಟಲಿನ ತಳ ಹಿಡಿದು ಕೂತಿದೆ. ಅಂಥವರನ್ನು ಕಂಡರೆ ನನಗೂ ಆಗುವುದಿಲ್ಲ. ಈ ಕತೆ ನನ್ನ ಪಾಲಿಗೇ ಬಂದದ್ದು ಅದಕ್ಕೇ ಇರಬೇಕು.

೨

ನಮ್ಮ ಕಡೆ ಹಳಬರು ಸ್ಟೋಲನ್ನನ್ನು, ಅಂದರೆ ಒಣಹಣ್ಣು ತುಂಬಿದ ಕ್ರಿಸ್‌ಮಸ್ಸಿನ ಸಿಹಿ ಬ್ರೆಡ್ಡನ್ನು, ಮನೆಯಲ್ಲಿ ಸುಡುವುದಿಲ್ಲ. ಒಣದ್ರಾಕ್ಷಿ, ಬಾದಾಮಿ, ಬೆಣ್ಣೆ ಎಲ್ಲ ಹೊತ್ತು ಬೇಕರಿಗೆ ಒಯ್ಯುತ್ತೇವೆ. ಬೇಕರಿಯವರು ಅವರವರ ಸಾಮಾನಿನಲ್ಲಿ ಅವರವರ ಹಿಟ್ಟು ನಾದಿ, ಬಟ್ಟೆ ಸುತ್ತಿದ ಕೂಸುಗಳ ಹಾಗೆ ಹಲಗೆಯ ಮೇಲೆ ಸಾಲಾಗಿ ಮಲಗಿಸುತ್ತಾರೆ. ಯಾರ ಕೂಸು ಯಾವುದೆಂದು ತಿಳಿಯಲು ಮನೆಯ ಹೆಸರು ಕೊರೆದ ತಗಡಿನ ಚೂರೊಂದನ್ನು ಚುಚ್ಚುತ್ತೇವೆ. ಒಲೆಯಿಂದ ಹೊರಬಂದ ಮೇಲೆ ತಗಡು ಹೇಳಿದ್ದೇ ಸತ್ಯ.

ಹೈಡ್ರುನ್ ತಗಡು ಬದಲಾಯಿಸಿದಳು.

"ಕದ್ದಳು ಅಂತ ಬರೀಬೇಡಿ ಮತ್ತೆ!" ಕೆಳಗಿನಿಂದ ಕೂಗು.

"ಬದಲಾಯಿಸಿದಳು ಅಂತಲೇ ಬರ್ದಿದೀನಿ, ತಾಯಿ."

"ಯಾಕೆ ಅಂತಾನೂ ಬರೀರಿ. ಇಲ್ದಿದ್ರೆ ಓದೋರು ನನ್ನನ್ನ ಏನಂದ್ಕೋತಾರೆ?"

೩

ಯಾಕೆಂದರೆ ಎದುರು ಬಾಗಿಲಿನ ಸೀಗ್ಲಿಂಡೆ. ("ಗಂಡ ಸತ್ತ ಮೇಲೂ ಲಿಪ್‌ಸ್ಟಿಕ್ ಬಿಡದವಳು ಅಂತ ಸೇರಿಸಿ." ಸೇರಿಸಿದೆ.) ದೇಶದ ನಡುವೆ ಗೋಡೆ ಇದ್ದ ಕಾಲದಲ್ಲಿ ಸೀಗ್ಲಿಂಡೆಗೆ ಆಚೆ ಹಾಂಬುರ್ಗ್‌ನಲ್ಲಿ ಚಿಕ್ಕಮ್ಮನಿದ್ದಳು. ವರ್ಷವರ್ಷವೂ ಈಚೆ ಸಿಗದ್ದೆಲ್ಲ ಪಾರ್ಸೆಲ್ಲಿನಲ್ಲಿ: ಒಣದ್ರಾಕ್ಷಿ, ಬಾದಾಮಿ, ಪಾಕದಲ್ಲಿ ಕುದಿಸಿದ ಹಸಿರು ಮಾದಳ ಸಿಪ್ಪೆ. ಹೈಡ್ರುನ್‌ಗೆ ಆಚೆ ಯಾರೂ ಇರಲಿಲ್ಲ. ಮಾದಳದ ಬದಲು ತನ್ನ ತೋಟದ ಟೊಮೆಟೊ ಕಾಯಿಗಳನ್ನು ಸಕ್ಕರೆಯಲ್ಲಿ ಕುದಿಸಿ ಹಾಕುತ್ತಿದ್ದಳು. ಅವಳ ಗಂಡ ಲೋಥಾರ್ ಆ ಹಸಿರು ಚೂರುಗಳನ್ನು ಉಗುರಿನಿಂದ ಕೆದಕಿ ತೆಗೆದು ತಟ್ಟೆಯ ಅಂಚಿಗೆ ಸಾಲಾಗಿ ಇಡುತ್ತಿದ್ದ. ಹಬ್ಬದ ಮಾರನೆಯ ದಿನ ಸೀಗ್ಲಿಂಡೆ ಕಾಫಿಗೆ ಕರೆದಾಗ ಮಾತ್ರ, ಅವಳ ಸ್ಟೋಲನ್ ಬಾಯಿಗಿಟ್ಟು ಕಣ್ಣು ಮುಚ್ಚುತ್ತಿದ್ದ.

ಕಣ್ಣು ಮುಚ್ಚುವುದು ಸಣ್ಣ ಮಾತಲ್ಲ. ಮದುವೆಯ ದಿನದ ಮುತ್ತಿಗೂ ಅವನು ಕಣ್ಣು ಬಿಟ್ಟುಕೊಂಡೇ ಇದ್ದ. (ಇದು ನಾನು ಕಟ್ಟಿದ್ದು. ಹೈಡ್ರುನ್ ಅಲ್ಲಗಳೆಯಲಿಲ್ಲ.)

ಗೋಡೆ ಬಿತ್ತು. ಮಾದಳ ಸಿಪ್ಪೆ ಮೂಲೆಯಂಗಡಿಗೂ ಬಂತು. ಹೈಡ್ರುನ್ ಟೊಮೆಟೊ ಬಿಡಲಿಲ್ಲ. "ಬೇಕಾದಾಗ ಮುಖ ತೋರಿಸದೇ ಇದ್ದಿದ್ದು ಈಗ ಬಂದ್ರೆ, ಎದ್ದು ಕುರ್ಚಿ ಕೊಡ್ಬೇಕಾ?"

೪

(ಇಲ್ಲಿ ಜರ್ಮನಿಯ ಚರಿತ್ರೆ ಇತ್ತು. ಊರಿನ ಬೆಳ್ಳಿ ಗಣಿಯಿಂದ ಹಿಡಿದು ಬರೆದಿದ್ದೆ. ಹೈಡ್ರುನ್ ಆ ಡ್ರಾಫ್ಟನ್ನು ಒಲೆಗೆ ಹಾಕಿದಳು. "ನನ್ನ ಗಂಡನ ತಟ್ಟೆ ಅಂಚಲ್ಲಿ ಸಾಲಾಗಿ ಕೂತಿತ್ತಲ್ಲ, ಸಾಲ್ದಾ ಅಷ್ಟು ಚರಿತ್ರೆ?")

೫

ಬೇಕರಿಯವನು ಒಲೆಯ ಕಡೆ ತಿರುಗಿದ. ಹೈಡ್ರುನ್ ಎರಡು ತಗಡು ಕಿತ್ತಳು, ಅದಲುಬದಲು ಚುಚ್ಚಿದಳು. ಅಷ್ಟೇ.

ಸುಟ್ಟ ಸ್ಟೋಲನ್ ಮನೆಗೆ ತರುವ ದಾರಿಯಲ್ಲಿ ಮುರಿದರೆ ಆ ಮನೆಯಲ್ಲಿ ಸಾವು ಎನ್ನುತ್ತಾರೆ. ಸೀಗ್ಲಿಂಡೆಯ ಸ್ಟೋಲನ್ನನ್ನು ಹಲಗೆಯ ಮೇಲಿಟ್ಟುಕೊಂಡು ಹೈಡ್ರುನ್ ನಡೆದ ಹಾಗೆ ಹೆತ್ತ ಮಗುವನ್ನೂ ಎತ್ತಿಕೊಂಡು ನಡೆದಿರಲಿಲ್ಲ. (ಮುರಿಯಿತು ಎಂದು ಒಮ್ಮೆ ಬರೆದೆ. ಲೋಥಾರ್‌ನನ್ನು ಸಾಯಿಸಲು ಮನಸ್ಸಾಗದೆ ಅಳಿಸಿದೆ. "ಯೋಚ್ನೆ ಮಾಡ್ಬಹುದಿತ್ತು," ಎಂದಳು ಹೈಡ್ರುನ್.)

ಅವಳಿಗೆ ಬೇಕಾದದ್ದು ಇಷ್ಟೇ: ಈ ಸಲ ಅವನು ತನ್ನ ಮೇಜಿನ ಮುಂದೆ, ತನ್ನ ಎದುರಿಗೆ, ಕಣ್ಣು ಮುಚ್ಚಬೇಕು. ಒಂದೇ ಒಂದು ಸಲ.

ಹಬ್ಬದ ದಿನ ಲೋಥಾರ್ ತುಂಡನ್ನು ಕೈಗೆತ್ತಿಕೊಂಡ. ಉಗುರು ಹಾಕಿದ. ಹಾಂಬುರ್ಗ್ ಚಿಕ್ಕಮ್ಮನ ಕಾಲದಿಂದ ಅವನು ಚಪ್ಪರಿಸಿ ತಿಂದಿದ್ದ ಮಾದಳ ಸಿಪ್ಪೆ ಒಂದೊಂದೇ ಹೊರಬಂದು ತಟ್ಟೆಯ ಅಂಚಿನಲ್ಲಿ ಸಾಲಾಗಿ ಕೂತಿತು.

"ಹೇಗಿದೆ?"

"ಇರೋ ಹಾಗಿದೆ. ಸ್ವಲ್ಪ ಒಣ. ಈ ಸಲಾನೂ ಟೊಮೆಟೊ ಬಿಡ್ಲಿಲ್ವಲ್ಲೇ ನೀನು!"

೬

ಮಾರನೆಯ ದಿನ ಸೀಗ್ಲಿಂಡೆಯ ಮನೆ. ಬಿಳಿ ಸಕ್ಕರೆ ಹೊದ್ದು ಹೈಡ್ರುನ್‌ಳ ಸ್ಟೋಲನ್ ಸೀಗ್ಲಿಂಡೆಯ ತಟ್ಟೆಯಲ್ಲಿ ಮಲಗಿತ್ತು. ಲೋಥಾರ್ ಬಾಯಿಗಿಟ್ಟ. ಟೊಮೆಟೊ ಚೂರುಗಳು ಒಂದೂ ಉಳಿಯದೆ ಒಳಗೆ ಹೋದವು. ಕಣ್ಣು ಮುಚ್ಚಿದ.

"ಇದಪ್ಪಾ ಸ್ಟೋಲನ್ ಅಂದ್ರೆ! ಹೈಡ್ರುನ್, ಸ್ವಲ್ಪ ಕಲ್ತ್ಕೋ ಇವಳ ಹತ್ರ."

ತನ್ನ ಕೈರುಚಿಯ ಮೇಲೆಯೇ ಹೊಟ್ಟೆಕಿಚ್ಚು ಪಟ್ಟವಳು ಇಡೀ ಊರಿನಲ್ಲಿ ಇವಳೊಬ್ಬಳೇ ಇರಬೇಕು. ಬಾಯಿ ಬಿಟ್ಟರೆ ಕಳ್ಳಿ. ಬಿಡದಿದ್ದರೆ ಆ ಮುಚ್ಚಿದ ಕಣ್ಣು ಸೀಗ್ಲಿಂಡೆಯ ಪಾಲು.

ಸೀಗ್ಲಿಂಡೆಯೂ ಒಂದು ತುತ್ತು ತಿಂದಳು. ನಿಧಾನವಾಗಿ ಅಗಿದಳು. ನಾಲಿಗೆಯ ತುದಿಯಿಂದ ಏನನ್ನೋ ಬೆರಳಿಗೆ ತೆಗೆದುಕೊಂಡು ನೋಡಿದಳು. ಸಣ್ಣದೊಂದು ಟೊಮೆಟೊ ಬೀಜ. ಆಮೇಲೆ ಹೈಡ್ರುನ್‌ಳ ಮುಖ ನೋಡಿದಳು.

"ಲೋಥಾರ್, ಇನ್ನೊಂದು ತುಂಡು?"

"ಕೇಳ್ಬೇಕಾ!"

ಸೀಗ್ಲಿಂಡೆ ಚಾಕುವಿನ ಹಿಡಿಯನ್ನು ಹೈಡ್ರುನ್ ಕಡೆಗೆ ತಿರುಗಿಸಿ ಚಾಚಿದಳು. "ನೀನೇ ಕೊಯ್ದು ಕೊಡೇ. ಇದು ನಿನ್ನ ಕೈಗೇ ಚೆನ್ನಾಗಿ ಪಳಗಿರೋದು."

೭

ಕೊನೆ, ಒಂದು: ಹೈಡ್ರುನ್ ನಿಜ ಹೇಳುತ್ತಾಳೆ, ಲೋಥಾರ್ ಬಿದ್ದು ಬಿದ್ದು ನಗುತ್ತಾನೆ. "ಅವನು ನಗೋದನ್ನ ನಾನು ತಡ್ಕೊಳ್ಳಲ್ಲ. ಹೊಡೀರಿ."

ಕೊನೆ, ಎರಡು: ಹೈಡ್ರುನ್ ಸುಮ್ಮನಿರುತ್ತಾಳೆ, ಇನ್ನು ವರ್ಷವರ್ಷವೂ ತಗಡು ಬದಲಾಗುತ್ತದೆ. ಇದಕ್ಕೆ ಎದುರು ಬಾಗಿಲು ತೆರೆಯಿತು. "ಅಂದ್ರೆ ಸಾಯೋ ತನಕ ಆ ಟೊಮೆಟೊ ನಾನು ತಿನ್ನಬೇಕಾ?"

ಕೊನೆ, ಮೂರು: ಇಬ್ಬರೂ ತಬ್ಬಿಕೊಂಡು... "ಛೀ!" ಎಂದರು ಇಬ್ಬರೂ ಒಟ್ಟಿಗೆ. ಅವರು ಒಂದಾದದ್ದು ಅಲ್ಲಿ ಮಾತ್ರ.

೭, ಇನ್ನೂ

ಲೋಥಾರ್ ತಟ್ಟೆ ಚಾಚಿದ್ದಾನೆ, ಕಣ್ಣು ಆಗಲೇ ಅರ್ಧ ಮುಚ್ಚಿದೆ. ಹೈಡ್ರುನ್ ಚಾಕುವನ್ನು ಸಕ್ಕರೆಯ ಮೇಲೆ ಊರಿದ್ದಾಳೆ, ಒತ್ತಿಲ್ಲ. ಇಷ್ಟು ಹೊತ್ತು ನನ್ನ ಒಂದು ಮಾತನ್ನೂ ಕೇಳದವಳು ಈಗ ಕತ್ತೆತ್ತಿ ನನ್ನ ಮಹಡಿಯ ಕಡೆ ನೋಡುತ್ತಿದ್ದಾಳೆ.

"ದಪ್ಪಗೋ, ತೆಳ್ಳಗೋ? ಹೇಳ್ರೀ!"

ನಾನು ಪೆನ್ನು ಕೆಳಗಿಟ್ಟೆ. ಗಂಡ ಅವಳವನು, ಸ್ಟೋಲನ್ ಅವಳದು; ತಗಡಿನ ಮೇಲೆ ಏನೇ ಇರಲಿ.