ಹೆಬ್ಬೆರಳಿನ ಕುಳಿ

ಕೋಲ್ಡ್ ಸ್ಟೋರೇಜಿನಲ್ಲಿ ಮೀನಿನ ಪೆಟ್ಟಿಗೆ ಬಿಚ್ಚಿ ವಿಂಗಡಿಸುವುದು ಅವಳ ಕೆಲಸ. ಮೊದಲೆಲ್ಲ ಇಲ್ಲಿನ ಕಡಲಿನ ಮೀನು ಹೊರದೇಶಗಳಿಗೆ ಹೋಗುತ್ತಿತ್ತು. ಈಗ ಇಲ್ಲಿನ ಬಲೆಗಳು ಬರಿದಾಗಿ, ಬರುವ ಪೆಟ್ಟಿಗೆಗಳ ಮೇಲೆ ತಿಂಗಳಿಗೊಂದು ಹೊಸ ದೇಶದ ಹೆಸರು. ಹೊಟ್ಟೆಪಾಡಿಗೆ ಯಾವ ದೇಶವಾದರೇನು, ಹಾಳಾಗಿ ಹೋಗಲಿ!

ಲಕ್ವ ಹೊಡೆದು ಮಲಗಿದ್ದ ಗಂಡನಿಗೆ ಮಾತ್ರ ಇದನ್ನೆಲ್ಲ ಹೇಳಲು ಅವಳಿಗೆ ನಾಲಿಗೆ ಹೊರಳಿರಲಿಲ್ಲ. ಅವನ ದೋಣಿ ಗುಜರಿಗೆ ಹೋದದ್ದನ್ನೂ ಹೇಳಿರಲಿಲ್ಲ.

ಒಂದು ಸಂಜೆ ಅಂಥ ಪೆಟ್ಟಿಗೆಯದೇ ಒಂದು ಮೀನು ತಂದು ಅವನ ಮುಂದೆ ಹಿಡಿದಳು. "ನೋಡ್ರೀ, ನಮ್ಮ ದೋಣೀದೇ. ಬೆಳಿಗ್ಗೆ ತಾನೇ ಬಂತು."

ಅವನು ಹಳೆಯ ಅಭ್ಯಾಸದಂತೆ ಮೀನಿನ ಬೆನ್ನನ್ನು ಹೆಬ್ಬೆರಳಿನಿಂದ ಒತ್ತಿದ. ತಾಜಾ ಮೀನಾದರೆ ಕುಳಿ ತಟ್ಟನೆ ಮೇಲೇಳಬೇಕು. ಏಳಲಿಲ್ಲ. ಈ ಬೆರಳನ್ನೇ ಮರೆತಿದ್ದಳಲ್ಲ, ಪೆದ್ದಿ!

ಅವನು ಬಹಳ ಹೊತ್ತು ಆ ಕುಳಿಯನ್ನೇ ನೋಡಿದ. ಆಮೇಲೆ ಮಂಜುಗಡ್ಡೆಯಲ್ಲಿ ಮರಗಟ್ಟಿದ್ದ ಅವಳ ಬೆರಳುಗಳನ್ನು, ಇನ್ನೂ ಆಡುತ್ತಿದ್ದ ಒಂದೇ ಕೈಯಲ್ಲಿ ಹಿಡಿದುಕೊಂಡ.

"ದೋಣಿ ಹುಡುಗರಿಗೆ ಹೇಳು ಕಣೇ, ಮುಂದಿನ್ಸಲ ಐಸ್ ಜಾಸ್ತಿ ತಗೊಂಡು ಹೋಗ್ಲಿ," ಎಂದ. "ಪಾಪ, ತುಂಬಾ ದೂರ ಹೋಗ್ಬಿಟ್ಟಿದಾರೆ."