ಸರ್ವವ್ಯಾಪಿಗೆ ಒಂದು ಉದಾಹರಣೆ

ಎಲ್ಲರೂ ಮಲಗಿ ಎಷ್ಟೋ ಹೊತ್ತಾದ ಮೇಲೆ, ಚಮಚದಿಂದ ಲೋಟ ತಟ್ಟಿದ ಸಣ್ಣ ಸದ್ದು ಅಪ್ಪನ ಕೋಣೆಯಿಂದ ಬಂತು. ನಿದ್ದೆ ಬರುತ್ತಿಲ್ಲ, ಏನಾದರೂ ಓದು ಎಂದು ಅದರರ್ಥ. ಮಗಳು ಎದ್ದೇ ಇದ್ದಳು. ಈಚೆಗೆ ಅವಳ ಮೈಯೆಲ್ಲ ಕಿವಿ.

ಅವಳದು ನಿಘಂಟು ಕಚೇರಿಯಲ್ಲಿ ಕೆಲಸ. ಅಲ್ಲಿ ಉದಾಹರಣೆಯ ವಾಕ್ಯವನ್ನು ಕೂತು ಹೊಸೆಯುವಂತಿಲ್ಲ, ಯಾರೋ ನಿಜವಾಗಿ ಆಡಿದ ಮಾತೇ ಆಗಿರಬೇಕು. ಬರೆದದ್ದನ್ನು ಹೊರಗಿನವರೊಬ್ಬರಿಗೆ ಓದಿ ಹೇಳಬೇಕು, ಅವರು ‘ಹಾಗಂದ್ರೆ?’ ಎಂದರೆ ಮತ್ತೆ ಬರೆಯಬೇಕು. ಕೆಲಸಕ್ಕೆ ಸೇರಿದಾಗಿನಿಂದ ಅವಳ ಕೇಳುಗ ಅಪ್ಪನೇ. ಹೊಲಿಗೆಯಂತ್ರದ ಮುಂದೆ ಬೆನ್ನು ಸವೆಸಿದ ಅಪ್ಪ ಈಗ ದಿಂಬಿಗೊರಗಿ ಹೊದಿಕೆಯ ಅಂಚನ್ನು ಗೇಣು ಹಾಕಿ ಅಳೆಯುತ್ತಿದ್ದರು.

ಡಾಕ್ಟರು ಹೇಳಿದ್ದು ಅವಳಿಗೂ ಅಣ್ಣನಿಗೂ ಮಾತ್ರ ಗೊತ್ತಿತ್ತು. ಅಪ್ಪನ ಕಿವಿಗೆ ಬಿದ್ದರೆ ಇವತ್ತೇ ಕೈಚೆಲ್ಲಿಬಿಡುತ್ತಾರೆ, ಬಾಯಿ ಬಿಡಬೇಡ ಎಂದು ಅಣ್ಣ ಆಸ್ಪತ್ರೆಯ ಮೆಟ್ಟಿಲ ಮೇಲೆ ಅವಳಿಂದ ಭಾಷೆ ತೆಗೆದುಕೊಂಡಿದ್ದ. ಅಂದಿನಿಂದ ಅಪ್ಪನೆದುರು ಹಲ್ಲು ಕಿರಿಯುವುದೇ ಅವನ ಕೆಲಸ.

ಅವಳು ಬ್ಯಾಗಿನಿಂದ ಚೀಟಿ ತೆಗೆದು ಓದಿದಳು. ಸರ್ವವ್ಯಾಪಿ: ಎಲ್ಲ ಕಡೆಯೂ ಇರುವ. ‘ಸರ್ವ’ ಎಂದರೆ ಎಲ್ಲ. ‘ವ್ಯಾಪಿ’ಯ ಬೇರು ‘ಆಪ್’. ತಲುಪು, ಹೋಗಿ ಮುಟ್ಟು ಎಂದರ್ಥ. ಮುಂದಿರುವ ‘ವಿ’ ಅದನ್ನು ಸುತ್ತಲೂ ಹರಡಿಸುತ್ತದೆ. ಮುಟ್ಟದ ಜಾಗವೇ ಉಳಿಯದಂತೆ.

“ದೇವ್ರ ಥರ,” ಅಂದರು ಅಪ್ಪ.

ಹೌದೆಂದು ತಲೆಯಾಡಿಸಿ, ಓದುವ ಭರದಲ್ಲೇ ಉದಾಹರಣೆಗೆ ಬಂದಳು. “ಶ್ವಾಸಕೋಶದಲ್ಲಿ ಶುರುವಾಗಿದ್ದು ಈಗ ಮೈಯೊಳಗೆ ಸರ್ವವ್ಯಾಪಿಯಾಗಿದೆ, ಇನ್ನು ಮನೇಲೇ...”

ಚೀಟಿಯನ್ನು ಮಡಚಿಬಿಟ್ಟಳು. ಆಸ್ಪತ್ರೆಯಿಂದ ನೇರ ಕಚೇರಿಗೆ ಹೋದ ದಿನ, ಕಿವಿಯಲ್ಲಿ ಗುಂಯ್‌ಗುಡುತ್ತಿದ್ದ ಡಾಕ್ಟರ ಮಾತನ್ನೇ ಕೈ ತನ್ನ ಪಾಡಿಗೆ ಬರೆದುಬಿಟ್ಟಿತ್ತು.

ಅಪ್ಪ ‘ಹಾಗಂದ್ರೆ?’ ಎಂದು ಕೇಳಲಿಲ್ಲ. ಅಳೆಯುತ್ತಿದ್ದ ಕೈ ನಿಂತಿತ್ತು. ಆಮೇಲೆ, ಅವಳ ಮುಖ ನೋಡದೆ, “ದೇವ್ರ ಪಕ್ಕದಲ್ಲೇ ಕೂರಿಸಿದೀಯಲ್ಲಮ್ಮ ಅದನ್ನ,” ಅಂದರು.

“ನಿಮ್ಮಣ್ಣಂಗೆ ಹೇಳ್ಬೇಡ. ಪಾಪ, ನನ್ನೆದುರು ನಕ್ಕೂ ನಕ್ಕೂ ದವಡೆ ನೋಯಿಸ್ಕೊಂಡಿದಾನೆ. ಅದು ದಂಡ ಆಗೋದು ಬೇಡ.”

ದೀಪ ಆರಿಸು ಎಂದರು. ಆರಿಸಿದ ಮೇಲೆ, ಚಮಚ ಲೋಟಕ್ಕೆ ತಾಗಿ ತಾಗಿ ನಡುಗುವುದು ಕೇಳಿಸಿತು. ಈ ಸಲ ಅದು ಕರೆಯಾಗಿರಲಿಲ್ಲ. ಅವಳು ಕತ್ತಲಲ್ಲಿ ತಡವಿ ಚಮಚವನ್ನು ಅವರ ಬೆರಳುಗಳಿಂದ ಬಿಡಿಸಿ, ಆ ಕೈಯನ್ನು ಹಿಡಿದು ಕೂತಳು.

ಬೆಳಗ್ಗೆ ಅಣ್ಣ ಬಂದವನೇ ಅಡುಗೆಮನೆಗೆ ಕರೆದು ಪಿಸುಗುಟ್ಟಿದ: “ಅಪ್ಪಂಗೆ ಅನುಮಾನ ಏನೂ ಬಂದಿಲ್ಲ ತಾನೇ?”

ಒಳಗಿನಿಂದ ಅಪ್ಪ ಅವನನ್ನು ಕೂಗಿದರು. ಅವನು ತಟ್ಟನೆ ಮುಖದ ತುಂಬ ನಗು ತಂದುಕೊಂಡ. ಅದನ್ನು ನೋಡುತ್ತಲೇ ಅವಳು ನಿಶ್ಚಯಿಸಿದಳು: ರಾತ್ರಿ ನಡೆದದ್ದು ತನ್ನ ಬಾಯಿಂದ ಯಾರ ಮುಂದೆಯೂ, ಯಾವತ್ತಿಗೂ ಹೊರಡುವುದಿಲ್ಲ.

“ಇಲ್ಲ ಕಣೋ,” ಅಂದಳು.